ಮಂಡಿ ಸವೆತ: ಧರಿಸುವ ಸಂವೇದಕಗಳಿಂದ ಚಲನೆಯ ಅಳತೆ

ಮಂಡಿ ಸವೆತ, ಅಂದರೆ ಮೊಣಕಾಲಿನ ಅಸ್ಥಿಸಂಧಿವಾತ ಇರುವವರು ಹೇಗೆ ನಡೆಯುತ್ತಾರೆ, ಏಳುತ್ತಾರೆ, ಕೂರುತ್ತಾರೆ, ಮೆಟ್ಟಿಲು ಹತ್ತುತ್ತಾರೆ ಎಂಬುದನ್ನು ಮೈಗೆ ಕಟ್ಟಿದ ಪುಟ್ಟ ಸಂವೇದಕಗಳಿಂದ ಅಳೆಯುವ ವಿಧಾನವಿದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಅಸ್ಥಿಸಂಧಿವಾತವಿತ್ತು. ಅತಿ ಹೆಚ್ಚು ಬಾಧೆಗೊಳಗಾಗುವ ಕೀಲು ಮಂಡಿಯೇ.

ಸವೆತದ ಹಂತವನ್ನು ಎಕ್ಸ್‌ರೇ ನೋಡಿ, 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಪ್ರಕಟಿಸಿದ 0ರಿಂದ 4ರ ಶ್ರೇಣಿಯಲ್ಲಿ ಗುರುತಿಸುವುದು ರೂಢಿ. ಆದರೆ ಎಕ್ಸ್‌ರೇಯಲ್ಲಿ ಕೀಲಿನ ಸಂದು ತೀರ ಕಿರಿದಾಗಿ ಕಂಡವರು ಸಲೀಸಾಗಿ ಓಡಾಡುವುದುಂಟು. ಹೆಚ್ಚೇನೂ ಕಾಣದವರು ಮೆಟ್ಟಿಲ ಬಳಿ ಕಂಬಿ ಹಿಡಿದು ನಿಂತುಬಿಡುವುದೂ ಉಂಟು. ಹಾಗಾಗಿ ಚಲನೆಯನ್ನೇ ಅಳೆಯಬೇಕು. ನಡಿಗೆಯ ಪ್ರಯೋಗಾಲಯದಲ್ಲಿ ಮೈಗೆ ಹೊಳೆಯುವ ಗುಂಡುಗಳನ್ನು ಅಂಟಿಸಿ ಅವಕೆಂಪು ಕ್ಯಾಮೆರಾಗಳಿಂದ ಚಲನೆಯನ್ನು ಸೆರೆಹಿಡಿಯುತ್ತಾರೆ. ನಿಖರತೆಗೆ ಇಂದಿಗೂ ಅದೇ ಒರೆಗಲ್ಲು. ವೆಚ್ಚ ಮಾತ್ರ ಬಹಳ, ನೋಯುವ ಕಾಲನ್ನು ಎಳೆದುಕೊಂಡು ರೋಗಿಯೇ ಅಲ್ಲಿಗೆ ಹೋಗಬೇಕು.

ಪ್ರಯೋಗಾಲಯದ ಹೊರಗೂ ಬಳಸಬಹುದಾದ ಧರಿಸುವ ಸಂವೇದಕದೊಳಗೆ ಮುಖ್ಯವಾಗಿ ಎರಡು ಮಾಪಕಗಳಿರುತ್ತವೆ. ಆಕ್ಸೆಲೆರೋಮೀಟರ್ ವೇಗೋತ್ಕರ್ಷವನ್ನೂ ಗುರುತ್ವದ ದಿಕ್ಕನ್ನೂ ಹಿಡಿಯುತ್ತದೆ. ಗೈರೋಸ್ಕೋಪ್ ತಿರುಗುವ ವೇಗವನ್ನು. ತೊಡೆಗೊಂದು, ಮಂಡಿಯ ಕೆಳಗೊಂದು ಕಟ್ಟಿದರೆ ಎರಡರ ಓರೆಯ ವ್ಯತ್ಯಾಸದಿಂದ ಮಂಡಿ ಎಷ್ಟು ಮಡಚಿತು ಎಂದು ತಿಳಿಯುತ್ತದೆ. ಆರೋಗ್ಯವಂತರಲ್ಲಿ ಕಾಲು ಮುಂದಕ್ಕೆ ಬೀಸುವಾಗ ಈ ಮಡಿಕೆ ಸುಮಾರು 60 ಡಿಗ್ರಿ. ಸವೆತವಿದ್ದವರಲ್ಲಿ ಸಾಮಾನ್ಯವಾಗಿ ಕಡಿಮೆ, ಹೆಜ್ಜೆಯೂ ನಿಧಾನ. ಗೈರೋಸ್ಕೋಪಿನ ಓದನ್ನು ಕೂಡಿಸುತ್ತ ಹೋದಂತೆ ಸಣ್ಣ ತಪ್ಪುಗಳೂ ಕೂಡುತ್ತ ಹೋಗುತ್ತವೆ, ಗುರುತ್ವದ ದಿಕ್ಕಿಗೆ ಹೋಲಿಸಿ ಅವನ್ನು ಆಗಾಗ ತಿದ್ದಬೇಕು. ಪಟ್ಟಿ ಜಾರಿದರೆ, ತೊಡೆಯ ಮಾಂಸ ಅಲುಗಿದರೆ ಅಳತೆಯೂ ಕೆಡುತ್ತದೆ.

ಸಂವೇದಕದ ಉಪಯೋಗ ತಿಳಿಯಲು ಒಂದು ಸರಳ ಪರೀಕ್ಷೆ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಸ್ಟಾಪ್‌ವಾಚ್ ಕೊಡುವುದು ಒಟ್ಟು ಸೆಕೆಂಡುಗಳನ್ನಷ್ಟೇ. ಸೊಂಟದ ಹಿಂಬದಿಗೆ ಕಟ್ಟಿದ ಸಂವೇದಕ ಆ ಸೆಕೆಂಡುಗಳನ್ನು ಬಿಡಿಸಿಡುತ್ತದೆ: ಏಳುವಾಗ ಮೈ ಎಷ್ಟು ಮುಂದಕ್ಕೆ ಬಾಗಿತು, ಎಡ ಬಲ ಹೆಜ್ಜೆಗಳ ನಡುವೆ ಎಷ್ಟು ವ್ಯತ್ಯಾಸ, ತಿರುವಿನಲ್ಲಿ ಎಷ್ಟು ಪುಟ್ಟ ಹೆಜ್ಜೆಗಳು, ಕೊನೆಗೆ ಮೆಲ್ಲಗೆ ಕೂತರೋ ದೊಪ್ಪನೆ ಕುಸಿದರೋ. ಒಂದೇ ಹೊತ್ತು ತೆಗೆದುಕೊಂಡ ಇಬ್ಬರಲ್ಲಿ ಒಬ್ಬರಿಗೆ ಏಳುವುದೇ ಕಷ್ಟ, ಇನ್ನೊಬ್ಬರಿಗೆ ತಿರುಗುವುದು; ಇಬ್ಬರಿಗೂ ಒಂದೇ ವ್ಯಾಯಾಮ ಹೇಳುವುದು ಸರಿಯಲ್ಲ.

ಮನೆಯಲ್ಲಿ ದಿನವಿಡೀ ಧರಿಸಿದರೆ ತಿಳಿಯುವುದು ಇನ್ನೂ ಹೆಚ್ಚು. ಅಮೆರಿಕದಲ್ಲಿ 1,788 ಜನರ ಹೆಜ್ಜೆ ಎಣಿಸಿ, ಎರಡು ವರ್ಷದ ನಂತರ ಅವರ ಓಡಾಟದ ಶಕ್ತಿಯನ್ನು ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ದಿನಕ್ಕೆ ಸುಮಾರು 6,000 ಹೆಜ್ಜೆ ನಡೆಯುವವರಲ್ಲಿ ಓಡಾಟದ ತೊಡಕು ಕಡಿಮೆಯಿತ್ತು. ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ನಂತರ ನೋವು ಇಳಿಯಿತೆಂದು ಹೇಳುವವರ ಓಡಾಟ ಮೊದಲ ತಿಂಗಳುಗಳಲ್ಲಿ ಅಷ್ಟಾಗಿ ಏರುವುದಿಲ್ಲ ಎಂಬುದೂ ಇಂಥ ಅಳತೆಗಳಿಂದಲೇ ಗೊತ್ತಾದದ್ದು. ಕೈಗಡಿಯಾರದ ಎಣಿಕೆಯನ್ನು ಮಾತ್ರ ಪೂರ್ತಿ ನಂಬಬಾರದು: ಊರುಗೋಲು ಹಿಡಿದ ಕೈ ಬೀಸುವುದಿಲ್ಲ, ಎಷ್ಟೋ ಹೆಜ್ಜೆ ಲೆಕ್ಕ ತಪ್ಪುತ್ತವೆ.

ಅಂತರರಾಷ್ಟ್ರೀಯ ಅಸ್ಥಿಸಂಧಿವಾತ ಸಂಶೋಧನಾ ಸಂಘ 2013ರಲ್ಲಿ ಶಿಫಾರಸು ಮಾಡಿದ ಪರೀಕ್ಷೆಗಳಲ್ಲಿ ಕುರ್ಚಿ, ನಡಿಗೆ, ಮೆಟ್ಟಿಲುಗಳಿವೆ, ನೆಲದಲ್ಲಿ ಕೂತೇಳುವ ಪರೀಕ್ಷೆಯಿಲ್ಲ. ಆದರೆ ನಮ್ಮಲ್ಲಿ ಮಂಡಿನೋವಿನವರ ಸಾಮಾನ್ಯ ದೂರು ಚಕ್ಕಳಮಕ್ಕಳ ಹಾಕಿ ಕೂರಲಾಗದ್ದು, ಕುಕ್ಕರುಗಾಲಿನಿಂದ ಏಳಲಾಗದ್ದು. ತೊಡೆ ಮತ್ತು ಕೆಳಗಾಲಿನ ಸಂವೇದಕಗಳೆರಡೂ ಇದ್ದರೆ, ನೆಲದಿಂದ ಏಳುವಾಗ ಮಂಡಿ ಎಲ್ಲಿ ತಡೆಯಿತು ಎಂಬುದನ್ನೂ ಅಳೆಯಬಹುದು.