ದ್ವಿಭಾಷಾ ಜಾಲತಾಣದ ಪಕ್ಕದ ಪಟ್ಟಿ ಮತ್ತು ಅಡಿಬರಹ: ಅನುವಾದ ಹಾಗೂ ನಿರ್ವಹಣೆ

ಕರ್ನಾಟಕ ರಾಜಭಾಷಾ ಅಧಿನಿಯಮ, 1963ರ ಮೇರೆಗೆ ಕನ್ನಡವು ರಾಜ್ಯದ ಆಡಳಿತ ಭಾಷೆಯಾಗಿದ್ದು, ಇಲಾಖೆಗಳ ಜಾಲತಾಣಗಳು ಸಾಮಾನ್ಯವಾಗಿ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿಗಳನ್ನು ಹೊಂದಿರುತ್ತವೆ. ಪುಟದ ಪಕ್ಕದ ಪಟ್ಟಿಯಲ್ಲಿ ಅರ್ಜಿ ನಮೂನೆ, ಶುಲ್ಕ ಹಾಗೂ ಸುತ್ತೋಲೆಗಳ ಕೊಂಡಿಗಳೂ, ಅಡಿಬರಹದಲ್ಲಿ ಕಚೇರಿಯ ವಿಳಾಸ, ದೂರವಾಣಿ ಸಂಖ್ಯೆ ಮತ್ತು ಕೊನೆಯದಾಗಿ ಪರಿಷ್ಕರಿಸಿದ ದಿನಾಂಕವೂ ಇರುತ್ತವೆ.

ನಿರ್ವಹಣೆಯ ಕ್ರಮ

ಈ ಭಾಗಗಳ ಪಠ್ಯವನ್ನು ಮುಖ್ಯ ಪಠ್ಯದಿಂದ ಪ್ರತ್ಯೇಕವಾಗಿ, ಭಾಷೆಗೊಂದರಂತೆ ಸಂಗ್ರಹಿಸಿಡುವುದು ರೂಢಿ. ಒಮ್ಮೆ ತಿದ್ದಿದರೆ ಆ ಭಾಷೆಯ ಎಲ್ಲ ಪುಟಗಳಲ್ಲಿಯೂ ಬದಲಾವಣೆ ಕಾಣಿಸುತ್ತದೆ. ಇನ್ನೊಂದು ಭಾಷೆಯ ಪಠ್ಯವು ತಾನಾಗಿ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಶುಲ್ಕ ಪರಿಷ್ಕೃತವಾಗಿ ಕನ್ನಡದಲ್ಲಿ ಹಳೆಯ ಮೊತ್ತವೇ ಉಳಿದಲ್ಲಿ, ಕನ್ನಡ ಪುಟವನ್ನು ನಂಬಿದ ಅರ್ಜಿದಾರರ ಅರ್ಜಿ ಹಿಂತಿರುಗುವ ಸಂಭವವಿರುತ್ತದೆ. ಆದುದರಿಂದ ಭಾರತದ ಸರ್ಕಾರಿ ಜಾಲತಾಣಗಳಿಗಾಗಿ 2009ರಲ್ಲಿ ಮೊದಲಿಗೆ ಪ್ರಕಟವಾದ ಮಾರ್ಗಸೂಚಿಗಳು ಎಲ್ಲ ಭಾಷೆಗಳ ಪುಟಗಳನ್ನು ಏಕಕಾಲದಲ್ಲಿ ಪರಿಷ್ಕರಿಸುವಂತೆ ತಿಳಿಸುತ್ತವೆ. ಶೀರ್ಷಿಕೆಗಳನ್ನು ಚಿತ್ರರೂಪದಲ್ಲಿರಿಸದೆ ಯೂನಿಕೋಡ್ ಅಕ್ಷರಗಳಲ್ಲಿ ನೀಡಿದಲ್ಲಿ ಅವುಗಳನ್ನು ಹುಡುಕಲು ಸಾಧ್ಯವಾಗುತ್ತದೆ. ದೃಷ್ಟಿದೋಷವುಳ್ಳವರು ಪರದೆ ಓದುವ ತಂತ್ರಾಂಶದ ಮೂಲಕ ಕೇಳಲೂಬಹುದು.

ಅರ್ಜಿದಾರರ ಗಮನಕ್ಕೆ

1. ಎರಡೂ ಆವೃತ್ತಿಗಳ ಪರಿಷ್ಕರಣೆಯ ದಿನಾಂಕಗಳನ್ನು ಹೋಲಿಸಿ ನೋಡುವುದು.
2. ಕನ್ನಡದ ಕೊಂಡಿಯು ಕನ್ನಡ ನಮೂನೆಯನ್ನೇ ತೆರೆಯುವುದೇ ಎಂಬುದನ್ನು ಪರಿಶೀಲಿಸುವುದು.
3. ಶುಲ್ಕ ಅಥವಾ ಕೊನೆಯ ದಿನಾಂಕದಲ್ಲಿ ವ್ಯತ್ಯಾಸ ಕಂಡುಬಂದಲ್ಲಿ, ಹಣ ಪಾವತಿಸುವ ಮುನ್ನ ಮೂಲ ಆದೇಶವನ್ನು ನೋಡಿ, ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು.
4. ವ್ಯತ್ಯಾಸವಿರುವ ಪುಟದ ಮುದ್ರಿತ ಪ್ರತಿಯನ್ನು ದಿನಾಂಕ ಸಹಿತ ಇಟ್ಟುಕೊಂಡು, ಅಡಿಬರಹದಲ್ಲಿ ನೀಡಿರುವ ವಿಳಾಸಕ್ಕೆ ಲಿಖಿತವಾಗಿ ತಿಳಿಸುವುದು.