ವಿಮಾನ ನಿಮ್ಮದು, ಎಂಜಿನ್ ಯಾರದು?

ಯುದ್ಧವಿಮಾನ ಕೊಂಡ್ಕೊಂಡ್ರೆ ಅದು ನಮ್ಮದಾಗುತ್ತಾ? ದುಡ್ಡು ಕೊಟ್ಟಿದ್ದೀವಿ, ಬಾಲದ ಮೇಲೆ ನಮ್ಮ ಬಾವುಟ ಇದೆ, ಹಾರಿಸೋನು ನಮ್ಮ ಪೈಲಟ್. ಇನ್ನೇನು ಬೇಕು ಅಂತೀರಾ? ಹಾಗಾದ್ರೆ ನಾನು ಒಂದು ಎಂಜಿನ್ ಕಥೆ ಹೇಳ್ತೀನಿ, ಕೇಳಿ. ಅದರ ಹೆಸರು ಟಿಎಫ್-30.

ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿ 1950ರ ದಶಕದ ಕೊನೆಯಲ್ಲಿ ಕೈಹಾಕಿದ ಟರ್ಬೋಫ್ಯಾನ್ ಇದು. ಒಳಗೆಳೆದ ಗಾಳಿಯನ್ನೆಲ್ಲ ಉರಿಯೊಳಗೆ ಕಳಿಸದೆ, ಒಂದು ಪಾಲನ್ನು ಪಕ್ಕದಿಂದಲೇ ಹಿಂದಕ್ಕೆ ತಳ್ಳುತ್ತೆ. ಇಂಧನ ಉಳಿಯುತ್ತೆ. ಯಾವ ಮಿಸೈಲೀರ್ ವಿಮಾನಕ್ಕೆ ಅಂತ ಇದನ್ನು ಯೋಚಿಸಿದ್ರೋ, ಆ ಯೋಜನೆಯೇ ರದ್ದಾಯ್ತು. ಎಂಜಿನ್ ಮಾತ್ರ ಉಳೀತು. ಆಫ್ಟರ್‌ಬರ್ನರ್ ಜೋಡಿಸಿ ಎಫ್-111ಕ್ಕೆ ಕೂರಿಸಿದ್ರು. ಅದು ಮೊದಲು ಹಾರಿದ್ದು 1964ರ ಡಿಸೆಂಬರ್ 21. ಸರಿಯಾಗಿ ಆರು ವರ್ಷಕ್ಕೆ, 1970ರ ಅದೇ ದಿನ, ಅದೇ ಮನೆತನದ ಎಂಜಿನ್ ಹೊತ್ತು ನೌಕಾಪಡೆಯ ಎಫ್-14 ಟಾಮ್‌ಕ್ಯಾಟ್ ಹಾರಿತು.

ಆದ್ರೆ ಈ ಎಂಜಿನ್‌ಗೆ ಒಂದು ಕಾಯಿಲೆ ಇತ್ತು: ಕಂಪ್ರೆಸರ್ ಸ್ಟಾಲ್. ವಿಮಾನ ಮೂಗೆತ್ತಿ ಜೋರಾಗಿ ತಿರುಗಿದಾಗ ಒಳಬರುವ ಗಾಳಿ ಕದಡಿ, ಎಂಜಿನ್‌ಗೆ ಉಸಿರುಕಟ್ಟುತ್ತಿತ್ತು. ಕಾದಾಡಬೇಕಾದ ಹೊತ್ತಲ್ಲಿ ಪೈಲಟ್ ಶತ್ರುವನ್ನು ನೋಡಬೇಕೋ, ಥ್ರಾಟಲ್ ನೋಡ್ಕೋಬೇಕೋ? ಅಸಲಿಗೆ ಟಾಮ್‌ಕ್ಯಾಟ್‌ಗೆ ಇದು ತಾತ್ಕಾಲಿಕ ಏರ್ಪಾಡು. ಬರಬೇಕಿದ್ದ ಹೊಸ ಎಂಜಿನ್ ರದ್ದಾಗಿ, ತಾತ್ಕಾಲಿಕವೇ ಖಾಯಂ ಆಯ್ತು. ಕೊನೆಗೆ 1980ರ ದಶಕದಲ್ಲಿ ಅಮೆರಿಕ ಹಳೇ ವಿಮಾನಗಳಿಗೆ ಸುಧಾರಿಸಿದ ಟಿಎಫ್-30 ಹಾಕಿ, ಹೊಸವಕ್ಕೆ ಜನರಲ್ ಎಲೆಕ್ಟ್ರಿಕ್‌ನ ಎಫ್-110 ಕೂರಿಸಿತು. ಕೈಯಲ್ಲಿ ಕಾರ್ಖಾನೆ ಇದ್ದೋನಿಗೆ ಆ ಸ್ವಾತಂತ್ರ್ಯ ಇರುತ್ತೆ.

ಇಲ್ಲದೋನ ಕಥೆ? ಇರಾನ್ ನೋಡಿ. ಅಲ್ಲಿನ ಶಾ 80 ಟಾಮ್‌ಕ್ಯಾಟ್‌ಗೆ ಆರ್ಡರ್ ಕೊಟ್ಟ, 79 ಕೈಸೇರಿದವು. 1979ರಲ್ಲಿ ಕ್ರಾಂತಿ ಆಯ್ತು, ಶಾ ಓಡಿಹೋದ, ಬಿಡಿಭಾಗಗಳ ಬಾಗಿಲು ಮುಚ್ಚಿತು. ಮರುವರ್ಷವೇ ಇರಾಕ್ ಜೊತೆ ಯುದ್ಧ! ನೆಲದ ಮೇಲೆ ನಿಂತ ಒಂದು ವಿಮಾನದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ರು, ಕಳ್ಳದಾರಿಯಲ್ಲಿ ತರಿಸಿದ್ರು, ತಾವೇ ಮಾಡೋಕೆ ನೋಡಿದ್ರು. ಅಮೆರಿಕನ್ನರೇ ಬೇಸತ್ತ ಎಂಜಿನ್ ಅನ್ನು ಇರಾನಿನ ಮೆಕ್ಯಾನಿಕ್‌ಗಳು ನಾಲ್ಕು ದಶಕ ಜೋಪಾನ ಮಾಡಿದ್ರು. 2006ರಲ್ಲಿ ಅಮೆರಿಕ ತನ್ನ ಟಾಮ್‌ಕ್ಯಾಟ್‌ಗಳಿಗೆ ನಿವೃತ್ತಿ ಕೊಟ್ಟಿತು. ಆಮೇಲೆ ಏನು ಮಾಡ್ತು ಗೊತ್ತಾ? ಒಂದು ಬಿಡಿಭಾಗವೂ ಇರಾನ್ ಕೈಗೆ ಸಿಗಬಾರದು ಅಂತ ಹಳೇ ವಿಮಾನಗಳನ್ನು ಯಂತ್ರಕ್ಕೆ ಹಾಕಿ ಚೂರು ಚೂರು ಮಾಡಿಸಿತು.

ಇದು ನಮಗ್ಯಾಕೆ ಬೇಕು ಅನ್ನಬೇಡಿ. ಬೆಂಗಳೂರಿನ ಜಿಟಿಆರ್‌ಇಯ ಕಾವೇರಿ ಎಂಜಿನ್ ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1989ರಲ್ಲಿ. ತೇಜಸ್ 2001ರಲ್ಲಿ ಮೊದಲು ಹಾರಿದ್ದು ಮಾತ್ರ ಅಮೆರಿಕದ ಎಫ್-404 ಎಂಜಿನ್‌ನಲ್ಲಿ. 2021ರಲ್ಲಿ ಎಚ್‌ಎಎಲ್ ಅಂಥ 99 ಎಂಜಿನ್‌ಗೆ ಆರ್ಡರ್ ಕೊಟ್ಟಿತು. ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ! ಅಮೆರಿಕ ಇವತ್ತು ನಮ್ಮ ಶತ್ರು ಅಲ್ಲ, ನಿಜ. ಆದ್ರೆ ಶಾ ಆರ್ಡರ್ ಕೊಟ್ಟಾಗ ಇರಾನಿಗೂ ಅದು ಗೆಳೆಯನೇ ಆಗಿತ್ತು.

ಕಾವೇರಿಗೆ ಸುರಿದ ದುಡ್ಡು ದಂಡ ಅನ್ನೋರಿಗೆ ನಾನು ಹೇಳೋದು ಇಷ್ಟೇ: ಎಂಜಿನ್ ಮಾಡೋಕೆ ಕಲಿಯೋದು ದುಬಾರಿ, ಕಲಿಯದೇ ಇರೋದು ಅದಕ್ಕಿಂತ ದುಬಾರಿ.