ಬಿಸಿಯೂಟದ ಅಡುಗೆಯವರು: ಸುಟ್ಟಗಾಯ ಮತ್ತು ಪರಿಹಾರದ ಹಕ್ಕು

ಸರ್ಕಾರಿ ಶಾಲೆಗಳಲ್ಲಿ ದುಡಿಯುವವರ ಪೈಕಿ ಬೆಂಕಿ, ಕುದಿನೀರು ಹಾಗೂ ಭಾರದೊಡನೆ ನಿತ್ಯ ಸೆಣಸುವವರು ಬಿಸಿಯೂಟದ ಅಡುಗೆಯವರು. ಇವರಲ್ಲಿ ಬಹುಪಾಲು ಗ್ರಾಮೀಣ ಮಹಿಳೆಯರು. ಕಾಯಂ ಶಿಕ್ಷಕರು ಗಾಯಗೊಂಡರೆ ರಜೆ ಹಾಗೂ ವೈದ್ಯಕೀಯ ವೆಚ್ಚದ ಮರುಪಾವತಿಗೆ ಸರ್ಕಾರಿ ನೌಕರರ ನಿಯಮಗಳಲ್ಲಿ ಅವಕಾಶವಿದೆ. ಅದೇ ಆವರಣದ ಅಡುಗೆಯವರು ಆ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ.

ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ನೀಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ ಮರುವರ್ಷ ಉಳಿದೆಡೆಗೂ ವಿಸ್ತರಿಸಿತು. ಕೇಂದ್ರದ ಯೋಜನೆಗೆ 2021ರಿಂದ ‘ಪಿಎಂ ಪೋಷಣ್’ ಎಂಬ ಹೆಸರಿದೆ.

<b>ಅಪಾಯದ ಸ್ವರೂಪ</b>

ಕೇಂದ್ರದ ಮಾನದಂಡದಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100 ಮಕ್ಕಳಿಗೆ ಇಬ್ಬರು, ಆನಂತರದ ಪ್ರತಿ 100 ಮಕ್ಕಳಿಗೆ ಮತ್ತೊಬ್ಬರು ಅಡುಗೆಯವರಿರಬೇಕು. ಹಿರಿಯ ಪ್ರಾಥಮಿಕ ತರಗತಿಯ ಮಗುವೊಂದಕ್ಕೆ ದಿನಕ್ಕೆ 150 ಗ್ರಾಂ ಧಾನ್ಯ ನಿಗದಿಯಾಗಿದೆ. ಅಂದರೆ ನೂರು ಮಕ್ಕಳಿಗೆ 15 ಕಿಲೋ ಅಕ್ಕಿ. ಬೆಂದ ಮೇಲೆ ಅದರ ತೂಕ ಎರಡು ಪಟ್ಟಿಗೂ ಮಿಗಿಲು. ಅದನ್ನೂ ಸಾಂಬಾರಿನ ಪಾತ್ರೆಯನ್ನೂ ಒಲೆಯಿಂದ ಇಳಿಸುವವರು ಇಬ್ಬರೇ. ಕುಕ್ಕರಿನ ಹಬೆ, ಗಂಜಿ ಬಸಿಯುವಾಗಿನ ಸಿಡಿತ, ಒದ್ದೆ ನೆಲದಲ್ಲಿ ಜಾರುವಿಕೆ, ಬಿರುಕು ಬಿಟ್ಟ ಗ್ಯಾಸ್ ಕೊಳವೆ ಹಾಗೂ ದೀರ್ಘಕಾಲದ ಸೊಂಟನೋವು ಇಲ್ಲಿನ ಮುಖ್ಯ ಅಪಾಯಗಳು.

ತಮಿಳುನಾಡಿನ ಕುಂಭಕೋಣಂ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಅಡುಗೆಮನೆಯಿಂದ ಹಬ್ಬಿದ ಬೆಂಕಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಶಾಲಾ ಅಡುಗೆಮನೆಗಳ ಸುರಕ್ಷತೆಗಾಗಿ ಕೇಂದ್ರ ಸರ್ಕಾರ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು.

<b>ವೇತನವೋ, ಗೌರವಧನವೋ?</b>

ಕೇಂದ್ರ ಸರ್ಕಾರ 2009ರಲ್ಲಿ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ‘ಗೌರವಧನ’ ಗೊತ್ತುಪಡಿಸಿತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಇದಕ್ಕೆ ಹೆಚ್ಚಿನ ಮೊತ್ತ ಸೇರಿಸಿವೆ. ತೊಡಕಿರುವುದು ಈ ಪದದಲ್ಲಿಯೇ. ಕೆಲಸದ ವೇಳೆಯ ಗಾಯಕ್ಕೆ ಪರಿಹಾರ ನೀಡುತ್ತಿದ್ದ 1923ರ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯಂತೆ ಇದರಲ್ಲಿಯೂ ಪರಿಹಾರದ ಲೆಕ್ಕ ‘ನೌಕರ’ ಮತ್ತು ‘ಮಾಸಿಕ ವೇತನ’ ಎಂಬ ಎರಡು ಪದಗಳ ಮೇಲೆ ನಿಂತಿದೆ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ವೇತನದ ಶೇ 60ರಷ್ಟನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಲಾಗುತ್ತದೆ. ಸ್ವಯಂಸೇವಕಿ ಎನಿಸಿಕೊಂಡು ಗೌರವಧನ ಪಡೆಯುವವರು ಮೊದಲು ತಾವು ನೌಕರರೆಂದೇ ವಾದಿಸಬೇಕಾಗುತ್ತದೆ.

ಇಂತಹ ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತು. ಅಡುಗೆಯವರಿಗೆ ಕೇವಲ 1,000 ರೂಪಾಯಿ ನೀಡುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೆಂದು ಅಲಹಾಬಾದ್ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂಪಾಯಿ ಕಂತಿಗೆ 2 ಲಕ್ಷದವರೆಗೆ ವಿಮೆ ಒದಗಿಸುತ್ತದೆ. ಆದರೆ ಅದು ಅಪಘಾತದ ಸಾವು ಹಾಗೂ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ ಅನ್ವಯ. ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವ, ಆದರೆ ಮುಂದೆ ಮಾಯುವ ಸುಟ್ಟಗಾಯ ಅದರ ಹೊರಗೆ ಉಳಿಯುತ್ತದೆ.

<b>ಗಾಯವಾದಾಗ</b>

ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಊತ ಬರುವ ಮುನ್ನ ಬಳೆ, ಉಂಗುರ ತೆಗೆಯಬೇಕು. ಶಾಯಿ, ಎಣ್ಣೆ, ಟೂತ್‌ಪೇಸ್ಟ್ ಹಚ್ಚಬಾರದು. ಚಿಕಿತ್ಸೆಯ ಚೀಟಿಗಳನ್ನು ಜೋಪಾನವಾಗಿಟ್ಟು, ಘಟನೆಯ ದಿನಾಂಕ ಹಾಗೂ ವಿವರವನ್ನು ಮುಖ್ಯೋಪಾಧ್ಯಾಯರಿಗೆ ಅಂದೇ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯುವುದು ಅಷ್ಟೇ ಅಗತ್ಯ. ಕೆಲಸದ ವೇಳೆಯಲ್ಲಿಯೇ ಗಾಯವಾಯಿತೆಂಬುದಕ್ಕೆ ಮುಂದೆ ಆ ಕಾಗದವೇ ಆಧಾರವಾಗುತ್ತದೆ.